ಗೊರಕೆಯ ಬಾಯಿಸಾಧನ ಕೈಕೊಟ್ಟರೆ: ಸ್ಕ್ರೂ ಮುಟ್ಟುವ ಮುನ್ನ ನೋಡಬೇಕಾದ್ದು

ಗೊರಕೆಗೂ ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆಗೂ ಕೊಡುವ ಬಾಯಿಸಾಧನದ ಕೆಲಸ ಇಷ್ಟೇ: ನಿದ್ದೆಯಲ್ಲಿ ಕೆಳದವಡೆಯನ್ನು ಮುಂದಕ್ಕೆ ಹಿಡಿದಿಡುವುದು. ದವಡೆ ಮುಂದೆ ಬಂದಾಗ ಅದರ ಒಳಬದಿಗೆ ಅಂಟಿಕೊಂಡ ನಾಲಿಗೆಯ ಸ್ನಾಯುವೂ ಮುಂದೆ ಬರುತ್ತದೆ, ಕಿರುನಾಲಿಗೆಯ ಹಿಂದಿನ ಗಂಟಲು ಅಕ್ಕಪಕ್ಕಕ್ಕೆ ಹಿಗ್ಗುತ್ತದೆ, ಗಾಳಿಗೆ ದಾರಿಯಾಗುತ್ತದೆ. ಇಷ್ಟು ಸರಳವಾಗಿ ಕಾಣುವುದರಿಂದಲೇ ಬಹಳ ಜನ ಒಂದೇ ತಪ್ಪು ಮಾಡುತ್ತಾರೆ. ಗೊರಕೆ ನಿಲ್ಲದಿದ್ದರೆ ದವಡೆಯನ್ನು ಮುಂದೆ ತರುವ ಸ್ಕ್ರೂವನ್ನು ಇನ್ನಷ್ಟು ತಿರುಗಿಸುತ್ತಾರೆ. ದವಡೆ ನೋಯಲು ಶುರುವಾಗುತ್ತದೆ, ಸಾಧನ ಡಬ್ಬಿ ಸೇರುತ್ತದೆ. ಎಷ್ಟೋ ಸಲ ದೋಷ ಸ್ಕ್ರೂನಲ್ಲಿ ಇರುವುದೇ ಇಲ್ಲ. ಹಲ್ಲಿನ ಮೇಲೆ ಕೂರುವ ಟ್ರೇ ಸರಿಯಾಗಿ ಕೂತಿರುವುದಿಲ್ಲ, ರಾತ್ರಿ ಬಾಯಿ ತೆರೆದುಕೊಳ್ಳುತ್ತಿರುತ್ತದೆ, ಇಲ್ಲವೇ ಮೂಗು ಕಟ್ಟಿರುತ್ತದೆ. ಹಾಗಾಗಿ ಖರ್ಚಿಲ್ಲದ ಪರೀಕ್ಷೆ ಮೊದಲು, ಸ್ಕ್ರೂ ಆಮೇಲೆ, ಹೊಸ ಅಚ್ಚು ಕೊನೆಗೆ.

ಇಲ್ಲಿ ಹೇಳಿರುವುದೆಲ್ಲ ಹಲ್ಲಿನ ಅಚ್ಚು ತೆಗೆದು ಮಾಡಿದ, ಮುಂದೆ ಹಿಂದೆ ಹೊಂದಿಸಲು ಬರುವ, ಮೇಲೊಂದು ಕೆಳಗೊಂದು ಟ್ರೇ ಇರುವ ಸಾಧನಕ್ಕೆ. ಬಿಸಿನೀರಿನಲ್ಲಿ ಮೆದು ಮಾಡಿ ಕಚ್ಚಿಕೊಳ್ಳುವ ಸಿದ್ಧ ಸಾಧನಗಳಲ್ಲಿ ಹಿಡಿತವೂ ಹೊಂದಾಣಿಕೆಯೂ ಕಡಿಮೆ. ಅಮೆರಿಕದ ನಿದ್ರಾ ವೈದ್ಯರ ಮತ್ತು ದಂತ ನಿದ್ರಾ ವೈದ್ಯರ ಸಂಘಟನೆಗಳು 2015ರಲ್ಲಿ ಜೊತೆಯಾಗಿ ಹೊರತಂದ ಮಾರ್ಗಸೂಚಿ ಕೂಡ ಒಬ್ಬೊಬ್ಬರಿಗೂ ಅಳತೆ ತೆಗೆದು ಮಾಡಿದ, ಹೊಂದಿಸಬಹುದಾದ ಸಾಧನವನ್ನೇ ಮುಂದಿಡುತ್ತದೆ.

ಇವು ಕಂಡರೆ ಮನೆಯಲ್ಲಿ ಪರೀಕ್ಷೆ ಬೇಡ

ದವಡೆ ನೋವಿನ ಜೊತೆ ಎದೆ ಬಿಗಿತ, ತಣ್ಣನೆ ಬೆವರು ಅಥವಾ ತೋಳಿಗೆ ಹರಡುವ ನೋವು ಇದ್ದರೆ ಅದನ್ನು ಸಾಧನದ ತಲೆಗೆ ಕಟ್ಟಬೇಡಿ. ಹೃದಯದ ತೊಂದರೆ ಹೀಗೂ ಕಾಣಿಸಿಕೊಳ್ಳುತ್ತದೆ, ಕೂಡಲೇ ತುರ್ತು ಚಿಕಿತ್ಸೆಗೆ ಹೋಗಿ. ತುಟಿ ನಾಲಿಗೆ ಊದಿ ಉಸಿರಾಡಲು ಕಷ್ಟವಾದರೆ, ಸಾಧನದ ಚೂರು ಗಂಟಲಿಗೆ ಇಳಿದಿರುವ ಅನುಮಾನವಿದ್ದರೆ, ತೆರೆದ ಬಾಯಿ ಮುಚ್ಚಲು ಬಾರದಿದ್ದರೆ ಅಥವಾ ಮುಚ್ಚಿದ್ದು ತೆರೆಯದಿದ್ದರೆ ಆಗಲೂ ಅಷ್ಟೇ.

ಇನ್ನೆರಡು ಎಚ್ಚರಿಕೆ. ವಾಹನ ಓಡಿಸುವಾಗ ಕಣ್ಣು ಎಳೆಯುತ್ತಿದ್ದರೆ, ಸಾಧನ ಸರಿಯಾಗಿದೆ ಎಂದು ಪರೀಕ್ಷೆಯಲ್ಲಿ ಗೊತ್ತಾಗುವವರೆಗೆ ಓಡಿಸಬೇಡಿ. ಈಗಾಗಲೇ ಸಿಪ್ಯಾಪ್ (ಮುಖಕ್ಕೆ ಹಾಕುವ ಮಾಸ್ಕ್ ಮೂಲಕ ಒತ್ತಡದಲ್ಲಿ ಗಾಳಿ ಕೊಡುವ) ಯಂತ್ರ ಬಳಸುತ್ತಿದ್ದರೆ, ಸಾಧನ ಬಂತೆಂದು ಅದನ್ನು ಅಂದೇ ಬಿಡಬೇಡಿ. ಯಾವಾಗ ಬಿಡಬಹುದೆಂದು ನಿದ್ರಾ ವೈದ್ಯರೇ ಹೇಳಬೇಕು.

ಮೊದಲು ಮೂರು ಸಂಖ್ಯೆ ಬರೆದಿಡಿ

ಟಿಪ್ಪಣಿಯಿಲ್ಲದೆ ದೋಷ ಹುಡುಕುವುದು ಕತ್ತಲಲ್ಲಿ ಸೂಜಿ ಹುಡುಕಿದಂತೆ. ಕೆಳದವಡೆ ಪೂರ್ತಿ ಹಿಂದಿನಿಂದ ಪೂರ್ತಿ ಮುಂದಕ್ಕೆ ಎಷ್ಟು ಚಲಿಸುತ್ತದೆ, ಸಾಧನ ಈಗ ಎಲ್ಲಿ ನಿಂತಿದೆ, ಸ್ಕ್ರೂವಿನ ಕೀಯನ್ನು ಒಂದು ಸಲ ತಿರುಗಿಸಿದರೆ ಎಷ್ಟು ಸರಿಯುತ್ತದೆ: ಈ ಮೂರನ್ನು ದಂತವೈದ್ಯರಿಂದ ಕೇಳಿ ಬರೆದುಕೊಳ್ಳಿ.

ಒಂದು ಲೆಕ್ಕ ನೋಡೋಣ. ಅಳತೆಪಟ್ಟಿಯಲ್ಲಿ ದವಡೆ ಪೂರ್ತಿ ಹಿಂದೆ ಇದ್ದಾಗ −3 ಮಿ.ಮೀ., ಪೂರ್ತಿ ಮುಂದೆ ಚಾಚಿದಾಗ +8 ಮಿ.ಮೀ. ಬಂತು ಎನ್ನಿ. ಒಟ್ಟು ಚಲನೆ 11 ಮಿ.ಮೀ. ಅದರ ಶೇ. 60 ಎಂದರೆ 6.6 ಮಿ.ಮೀ. ಇದನ್ನು ಹಿಂದಿನ ತುದಿಯಿಂದ ಎಣಿಸಬೇಕು, ಹಾಗಾಗಿ ಸಾಧನ ನಿಲ್ಲಬೇಕಾದ ಗುರುತು +3.6. ಸೊನ್ನೆಯಿಂದ ಎಣಿಸಿ +6.6ಕ್ಕೆ ನಿಲ್ಲಿಸಿದರೆ ಅದು ಶೇ. 87ರಷ್ಟಾಗುತ್ತದೆ, ಮೊದಲ ವಾರದಲ್ಲೇ ಕೀಲು ಹಿಡಿದುಕೊಂಡಿದೆ ಎಂದು ಬರುವವರಲ್ಲಿ ಈ ತಪ್ಪು ಆಗಿದೆಯೇ ಎಂದು ನೋಡಲೇಬೇಕು. ಸಾಮಾನ್ಯವಾಗಿ ಶೇ. 50ರಿಂದ 70ರ ನಡುವೆ ಶುರುಮಾಡುತ್ತಾರೆ. ಒಟ್ಟು ಚಲನೆಯೇ 5 ಮಿ.ಮೀ.ಗಿಂತ ಕಡಿಮೆ ಇದ್ದರೆ ಈ ಬಗೆಯ ಸಾಧನದಿಂದ ಹೆಚ್ಚು ನಿರೀಕ್ಷಿಸುವಂತಿಲ್ಲ.

ಬೆಳಗ್ಗೆ ಎದ್ದಾಗ ಸಾಧನ ದಿಂಬಿನ ಮೇಲಿರುತ್ತದೆ

ಹಾಕಿಕೊಳ್ಳುವ ರೀತಿಯನ್ನು ಮೊದಲು ನೋಡಿ. ಹಲ್ಲು ಕಚ್ಚಿ ಕೂರಿಸಿದರೆ ಟ್ರೇ ಒಂದು ಬದಿ ಕೂತು ಇನ್ನೊಂದು ಬದಿ ಎದ್ದಿರುತ್ತದೆ. ಎರಡೂ ಕೈಯ ಹೆಬ್ಬೆರಳಿನಿಂದ ಮೇಲಿನ ಟ್ರೇಯನ್ನು, ತೋರುಬೆರಳಿನಿಂದ ಕೆಳಗಿನದನ್ನು ದವಡೆ ಹಲ್ಲುಗಳ ಮೇಲೆ ಸಮವಾಗಿ ಒತ್ತಿ. ನಂತರ ಕನ್ನಡಿಯಲ್ಲಿ ಟ್ರೇಯ ಅಂಚು ಹಲ್ಲಿಗೆ ಅಂಟಿಕೊಂಡಿದೆಯೇ ನೋಡಿ. ಬಲಗಡೆ ಒತ್ತಿದಾಗ ಎಡಗಡೆ ಎದ್ದರೆ ಟ್ರೇ ಅಲುಗುತ್ತಿದೆ ಎಂದರ್ಥ.

ಅಲುಗಲು ಕಾರಣ ಏನು? ಬಿಸಿನೀರಿನಲ್ಲಿ ತೊಳೆದು ಅಥವಾ ಬಿಸಿಲಲ್ಲಿ ಇಟ್ಟು ಟ್ರೇ ಸೊಟ್ಟಗಾಗಿರಬಹುದು. ಸಾಧನ ಬಂದ ಮೇಲೆ ಹಲ್ಲಿಗೆ ಹೊಸ ಕ್ಯಾಪ್ ಅಥವಾ ಫಿಲ್ಲಿಂಗ್ ಹಾಕಿಸಿರಬಹುದು. ಕೆಲವು ವಾರ ಬಳಸದೆ ಇಟ್ಟಿದ್ದರೆ ಹಲ್ಲುಗಳೇ ಕೂದಲೆಳೆಯಷ್ಟು ಸರಿದಿರಬಹುದು. ಒಳಗೆ ಮೆದು ಪದರವಿರುವ ಟ್ರೇಗಳಲ್ಲಿ ಆ ಪದರ ವರ್ಷಗಳು ಕಳೆದಂತೆ ಗಡುಸಾಗಿ ಹಿಡಿತ ಬಿಡುತ್ತದೆ. ಗಿಡ್ಡ ಹಲ್ಲು, ಸವೆದ ಹಲ್ಲು ಇರುವವರಿಗೆ ಹಿಡಿತ ಮೊದಲಿನಿಂದಲೂ ಕಡಿಮೆ. ತಂತಿಯ ಕೊಕ್ಕೆ ಇರುವ ಸಾಧನವಾದರೆ ವೈದ್ಯರು ಕೊಕ್ಕೆ ಬಿಗಿಮಾಡಬಹುದು, ಒಳಪದರವನ್ನು ಮತ್ತೆ ಹಾಕಿಸಬಹುದು. ಮನೆಯಲ್ಲಿ ಇಕ್ಕಳ ಹಿಡಿದು ಕೊಕ್ಕೆ ಬಗ್ಗಿಸಬೇಡಿ. ಅದು ಹಲ್ಲುಗಳ ಸಂದಿಗೆ ಬೆಣೆಯಂತೆ ಕೂತು ಸಂದಿಯನ್ನೇ ಅಗಲ ಮಾಡುತ್ತದೆ. ಊಟದ ಅಗಳು ಹೊಸದಾಗಿ ಒಂದೇ ಸಂದಿಯಲ್ಲಿ ಸಿಕ್ಕಿಕೊಳ್ಳುತ್ತಿದ್ದರೆ ಆ ಸಂದಿಗೆ ಬರುವ ಕೊಕ್ಕೆಯನ್ನು ಅನುಮಾನಿಸಿ.

ಟ್ರೇ ಗಟ್ಟಿಯಾಗಿ ಕೂತಿದ್ದೂ ದಿಂಬಿನ ಮೇಲೆ ಸಿಗುತ್ತಿದ್ದರೆ ಕಳಚುತ್ತಿರುವುದು ನಿಮ್ಮ ಕೈ. ನಿದ್ದೆಗಣ್ಣಲ್ಲಿ ತೆಗೆದಿದ್ದು ನೆನಪಿರುವುದಿಲ್ಲ. ಇದರ ಹಿಂದೆ ಬಹುಮಟ್ಟಿಗೆ ನೋವು ಅಥವಾ ಕಟ್ಟಿದ ಮೂಗು ಇರುತ್ತದೆ. ಆ ಭಾಗಗಳನ್ನು ಮುಂದೆ ನೋಡಿ.

ಸಾಧನ ಹಾಕಿದರೂ ಗೊರಕೆ ಹಾಗೇ ಇದೆ

ಸ್ಕ್ರೂ ತಿರುಗಿಸಲು ಕೈ ತುರಿಸುವುದು ಇಲ್ಲಿಯೇ. ಸ್ವಲ್ಪ ತಡೆಯಿರಿ. ಈ ಕ್ರಮದಲ್ಲಿ ನೋಡುತ್ತಾ ಹೋಗಿ.

1. ಮೂಗು. ಎಚ್ಚರವಿದ್ದಾಗ ಬಾಯಿ ಮುಚ್ಚಿ ಮೂರು ನಿಮಿಷ ಮೂಗಿನಿಂದಲೇ ಉಸಿರಾಡಿ. ಏದುಸಿರು ಬಂದರೆ ರಾತ್ರಿ ಬಾಯಿ ತೆರೆದುಕೊಳ್ಳುವ ಸಂಭವ ಹೆಚ್ಚು. ಅಲರ್ಜಿ, ಸೊಟ್ಟ ಮೂಗಿನ ಗೋಡೆ, ಒಳಗಿನ ಊತ, ಯಾವುದಿದ್ದರೂ ಅದರ ಚಿಕಿತ್ಸೆ ಮೊದಲು.

2. ಮಲಗುವ ಭಂಗಿ. ಫೋನಿನಲ್ಲಿ ಎರಡು ರಾತ್ರಿ ಶಬ್ದ ಮುದ್ರಿಸಿ. ಒಂದು ರಾತ್ರಿ ಮಗ್ಗುಲಾಗಿ, ಇನ್ನೊಂದು ರಾತ್ರಿ ಅಂಗಾತ. ಅಂಗಾತ ಮಲಗಿದಾಗ ಮಾತ್ರ ಗೊರಕೆಯಿದ್ದರೆ ಬೆನ್ನಿಗೆ ಆನಿಸುವ ದಿಂಬೇ ಅರ್ಧ ಕೆಲಸ ಮಾಡುತ್ತದೆ.

3. ಮದ್ಯ, ನಿದ್ದೆಮಾತ್ರೆ. ಮದ್ಯವೂ ಕೆಲವು ನಿದ್ದೆಮಾತ್ರೆಗಳೂ ಗಂಟಲಿನ ಸ್ನಾಯುವನ್ನು ಸಡಿಲ ಮಾಡುತ್ತವೆ. ಸಾಧನವನ್ನು ಅಳೆಯುವ ವಾರ ಮದ್ಯ ಬೇಡ. ವೈದ್ಯರು ಬರೆದುಕೊಟ್ಟ ಮಾತ್ರೆಯನ್ನು ಮಾತ್ರ ಕೇಳದೆ ನಿಲ್ಲಿಸಬೇಡಿ.

4. ಬಾಯಿ ತೆರೆಯುವುದು. ಬೆಳಗ್ಗೆ ನಾಲಿಗೆ ಒಣಗಿ ಅಂಗುಳಕ್ಕೆ ಅಂಟಿದ್ದರೆ, ಅಥವಾ ಪಕ್ಕದಲ್ಲಿ ಮಲಗಿದವರು ಬಾಯಿ ತೆರೆದಿತ್ತು ಎಂದರೆ, ಇದೇ ದೋಷ.

ನಾಲ್ಕನೆಯದನ್ನು ಬಿಡಿಸಿ ಹೇಳಬೇಕು. ದವಡೆ ಬಾಗಿಲಿನಂತೆ ತಿರುಗುವ ಕೀಲಿನ ಮೇಲಿದೆ. ಬಾಯಿ ತೆರೆದಷ್ಟೂ ಗದ್ದ ಕೆಳಕ್ಕೆ ಇಳಿಯುವುದರ ಜೊತೆಗೆ ಹಿಂದಕ್ಕೂ ಹೋಗುತ್ತದೆ. ನೀವು ಸ್ಕ್ರೂನಿಂದ ಮುಂದೆ ತಂದದ್ದನ್ನು ತೆರೆದ ಬಾಯಿ ಹಿಂದಕ್ಕೆ ಕೊಟ್ಟುಬಿಡುತ್ತದೆ. ಕೆಳಟ್ರೇಯ ಎರಡು ಬದಿಯಲ್ಲಿ ಮೀನಿನ ರೆಕ್ಕೆಯಂತೆ ಎದ್ದ ತುಂಡುಗಳು ಮೇಲ್ಟ್ರೇಯ ಇಳಿಜಾರಿಗೆ ಒರಗುವ ವಿನ್ಯಾಸದಲ್ಲಿ ಇದು ಇನ್ನೂ ಸ್ಪಷ್ಟ: ಬಾಯಿ ಅಗಲವಾಗಿ ತೆರೆದರೆ ರೆಕ್ಕೆ ಇಳಿಜಾರಿನಿಂದ ಜಾರಿ ದವಡೆ ಪೂರ್ತಿ ಹಿಂದೆ ಬೀಳುತ್ತದೆ. ಕನ್ನಡಿಯ ಮುಂದೆ ಸಾಧನ ಹಾಕಿ ನಿಧಾನವಾಗಿ ಬಾಯಿ ತೆರೆಯಿರಿ. ಎಷ್ಟು ತೆರೆದಾಗ ರೆಕ್ಕೆ ಬಿಡುತ್ತದೆ ಎಂಬುದು ಕಣ್ಣಿಗೇ ಕಾಣುತ್ತದೆ. ಒಂದು ಬೆರಳಿನಷ್ಟು ತೆರೆದಾಗಲೇ ಬಿಟ್ಟರೆ ರೆಕ್ಕೆ ಗಿಡ್ಡ. ಅದಕ್ಕೆ ಪರಿಹಾರ ಎತ್ತರದ ರೆಕ್ಕೆ, ಇಲ್ಲವೇ ಕೋರೆಹಲ್ಲಿನ ಬಳಿ ಗುಂಡಿ ಕೂರಿಸಿ ಮೇಲೆ ಕೆಳಗೆ ಎಲಾಸ್ಟಿಕ್ ಹಾಕುವುದು. ಬದಿಯಲ್ಲಿ ಪಟ್ಟಿ ಇರುವ ಸಾಧನವಾದರೆ ಪಟ್ಟಿ ಎಳೆದುಕೊಂಡು ಉದ್ದವಾಗಿದೆಯೇ ಎಂದು ಹೊಸ ಪಟ್ಟಿಯ ಪಕ್ಕ ಇಟ್ಟು ಹೋಲಿಸಿ. ಮೂಗು ಕಟ್ಟಿದ ರಾತ್ರಿ, ವಾಂತಿ ಬರುವಂತಿರುವ ರಾತ್ರಿ ಎಲಾಸ್ಟಿಕ್ ಹಾಕಬಾರದು.

ಈ ನಾಲ್ಕೂ ಸರಿಯಿದ್ದರೆ ಈಗ ಸ್ಕ್ರೂ. ಹಲವು ಸ್ಕ್ರೂಗಳಲ್ಲಿ ಕಾಲು ಸುತ್ತಿಗೆ 0.2ರಿಂದ 0.25 ಮಿ.ಮೀ. ಸರಿಯುತ್ತದೆ, ನಿಮ್ಮ ಸಾಧನದ ಹಾಳೆಯಲ್ಲಿ ಖಚಿತಪಡಿಸಿಕೊಳ್ಳಿ. ವೈದ್ಯರು ಹಾಕಿಕೊಟ್ಟ ಮಿತಿಯೊಳಗೆ ಒಂದು ಸಲಕ್ಕೆ 0.25ರಿಂದ 0.5 ಮಿ.ಮೀ., ಎರಡೂ ಬದಿಗೆ ಸಮವಾಗಿ ತಿರುಗಿಸಿ, ಮೂರು ನಾಲ್ಕು ರಾತ್ರಿ ಅಲ್ಲಿಯೇ ಬಿಡಿ. ದಿನಾಂಕ, ಸುತ್ತು, ಬೆಳಗಿನ ನೋವು, ಗೊರಕೆ, ನಾಲ್ಕನ್ನೂ ಒಂದೇ ಸಾಲಿನಲ್ಲಿ ಬರೆಯಿರಿ. ಒಟ್ಟು ಚಲನೆಯ ಮುಕ್ಕಾಲು ಪಾಲು ದಾಟಿದ ಮೇಲೆ ಸಿಗುವ ಲಾಭಕ್ಕಿಂತ ನೋವೇ ಹೆಚ್ಚಾಗುವ ಸಂಭವವಿದೆ. ಅಲ್ಲಿಗೆ ನಿಲ್ಲಿಸಿ ವೈದ್ಯರನ್ನು ಕಾಣಿ.

ಸಾಧನ ವಿನ್ಯಾಸ ಮಾಡುವವರು ಇಲ್ಲಿ ಮರೆಯಬಾರದ ಮಾತೊಂದಿದೆ. ನಾಲಿಗೆಯ ಬದಿಗೆ ಅಕ್ರಿಲಿಕ್ (ಟ್ರೇಯ ಗಟ್ಟಿ ಪ್ಲಾಸ್ಟಿಕ್) ದಪ್ಪವಾದರೆ ನಾಲಿಗೆಗೆ ಜಾಗವಿಲ್ಲದೆ ಹಿಂದಕ್ಕೆ ಸರಿಯುತ್ತದೆ. ಮುಂಭಾಗ ದಪ್ಪವಾದರೆ ತುಟಿ ಕೂಡುವುದಿಲ್ಲ, ಬಾಯಿ ತೆರೆದೇ ಇರುತ್ತದೆ. ಎಷ್ಟು ಸುತ್ತು ತಿರುಗಿಸಿದರೂ ಈ ಎರಡು ದೋಷ ಹೋಗುವುದಿಲ್ಲ. ನಾಲಿಗೆ ದೊಡ್ಡದು, ಅಂಗುಳ ಕಿರಿದು ಎಂದು ಕಂಡವರಿಗೆ ಒಳಬದಿ ತೆಳುವಾಗಿರುವ, ಸಾಧ್ಯವಾದರೆ ಖಾಲಿಯೇ ಇರುವ ವಿನ್ಯಾಸ ಆರಿಸಬೇಕು.

ಗೊರಕೆ ನಿಂತಿದೆ, ಹಗಲು ತೂಕಡಿಕೆ ನಿಂತಿಲ್ಲ

ಎಲ್ಲಕ್ಕಿಂತ ಮೋಸದ ಲಕ್ಷಣ ಇದು. ಮನೆಯವರಿಗೆ ನೆಮ್ಮದಿಯಾಗಿರುತ್ತದೆ, ಹಾಗಾಗಿ ಎಲ್ಲ ಸರಿಹೋಯಿತು ಎಂದುಕೊಳ್ಳುತ್ತಾರೆ. ಗೊರಕೆ ಎಂದರೆ ಮೆದು ಭಾಗಗಳ ಅದುರುವಿಕೆಯ ಸದ್ದು ಮಾತ್ರ. ಸದ್ದಿಲ್ಲದೆಯೂ ಉಸಿರು ಕಟ್ಟಬಹುದು. ಸಾಧನದ ಯಶಸ್ಸನ್ನು ಕಿವಿಯಿಂದ ಅಳೆಯಲಾಗದು.

ಖರ್ಚಿಲ್ಲದ ಮೊದಲ ಪರೀಕ್ಷೆ ಹಗಲಿನ ತೂಕಡಿಕೆ ಅಳೆಯುವ ಎಪ್‌ವರ್ತ್ ಪ್ರಶ್ನಾವಳಿ. ಎಂಟು ಸನ್ನಿವೇಶ, ಪ್ರತಿಯೊಂದಕ್ಕೂ 0ರಿಂದ 3 ಅಂಕ, ಒಟ್ಟು 24. ಹತ್ತು ದಾಟಿದರೆ ತೂಕಡಿಕೆ ಅತಿಯಾಗಿದೆ ಎಂದು ಎಣಿಕೆ. ಸಾಧನಕ್ಕೆ ಮೊದಲು ಎಷ್ಟಿತ್ತು, ಈಗ ಎಷ್ಟಿದೆ ನೋಡಿ. ಜೊತೆಗೆ ಎಷ್ಟು ಗಂಟೆ ಮಲಗುತ್ತಿದ್ದೀರಿ ಎಂದೂ ಪ್ರಾಮಾಣಿಕವಾಗಿ ಬರೆಯಿರಿ. ಐದು ಗಂಟೆ ಮಲಗುವವರ ತೂಕಡಿಕೆಯನ್ನು ಯಾವ ಸಾಧನವೂ ಹೋಗಲಾಡಿಸದು. ಆಮೇಲೆ ಸಾಧನ ಹಾಕಿಕೊಂಡೇ, ಮಲಗಿದಾಗಿನ ಉಸಿರಾಟವನ್ನು ಅಳೆಯುವ ನಿದ್ರಾ ಪರೀಕ್ಷೆ ಆಗಬೇಕು. ಇದು ಬೇಕಾದರೆ ಮಾಡಿಸಿ, ಬೇಡವಾದರೆ ಬಿಡಿ ಎನ್ನುವ ಪರೀಕ್ಷೆಯಲ್ಲ.

ಒಂದೇ ಹಲ್ಲು ನೋಯುತ್ತದೆ, ವಸಡು ಬಿಳಚಿಕೊಳ್ಳುತ್ತದೆ

ಮೊದಲ ಕೆಲವು ದಿನ ಎಲ್ಲ ಹಲ್ಲೂ ಹಿಡಿದಂತಾಗುವುದು ಸಹಜ. ಒಂದೇ ಹಲ್ಲಿನ ನೋವು ಸಹಜವಲ್ಲ, ಅಲ್ಲಿ ಟ್ರೇ ಬಿಗಿಯಾಗಿದೆ. ವೈದ್ಯರು ಒಳಗೆ ತೆಳುವಾದ ಸಿಲಿಕೋನ್ ಹಚ್ಚಿ ಕೂರಿಸಿದರೆ ಬಿಗಿಯಿರುವ ಕಡೆ ಸಿಲಿಕೋನ್ ಹಿಂಡಿ ಹೋಗಿ ಅಕ್ರಿಲಿಕ್ ಬರಿದಾಗಿ ಕಾಣುತ್ತದೆ. ಅಷ್ಟನ್ನೇ ಉಜ್ಜಿದರೆ ಸಾಕು. ಮನೆಯಲ್ಲಿ ಅರ, ಮರಳುಕಾಗದ ಹಿಡಿದರೆ ಹಿಡಿತವೇ ಹೋದೀತು. ವಸಡಿನ ಹುಣ್ಣು ಎರಡು ವಾರದಲ್ಲಿ ಮಾಯದಿದ್ದರೆ, ಹಲ್ಲು ಅಲ್ಲಾಡುತ್ತಿದ್ದರೆ ಸಾಧನ ನಿಲ್ಲಿಸಿ ತೋರಿಸಿ. ಬಾಯಿ ತುಂಬ ಉರಿ, ಟ್ರೇ ತಾಗುವ ಕಡೆಯೆಲ್ಲ ಕೆಂಪು ಇದ್ದರೆ ಅಕ್ರಿಲಿಕ್ ಅಥವಾ ಕೊಕ್ಕೆಯ ನಿಕ್ಕಲ್ ಒಗ್ಗದಿರುವುದನ್ನು ಅನುಮಾನಿಸಬೇಕು.

ಕಿವಿಯ ಮುಂದೆ, ಕೆನ್ನೆಯಲ್ಲಿ ನೋವು

ಎರಡೂ ಬದಿ ಸಮವಾಗಿ, ಎದ್ದ ಅರ್ಧ ಗಂಟೆಯಲ್ಲಿ ಇಳಿಯುವ ನೋವು ಸ್ನಾಯುವಿನದು. ಒಂದೆರಡು ವಾರದಲ್ಲಿ ಕಡಿಮೆಯಾಗಬೇಕು. ಒದ್ದೆ ಬಟ್ಟೆಯ ಬೆಚ್ಚನೆ ಶಾಖ 10 ನಿಮಿಷ ಕೊಡಿ. ಕಡಿಮೆಯಾಗದಿದ್ದರೆ ಸ್ಕ್ರೂವನ್ನು 1 ಮಿ.ಮೀ. ಹಿಂದಕ್ಕೆ ತನ್ನಿ, ನೋವು ಹೋದ ಮೇಲೆ ಮತ್ತೆ ನಿಧಾನವಾಗಿ ಮುಂದೆ ಹೋಗಿ.

ಒಂದೇ ಬದಿಯ ನೋವು ಬೇರೆ ಕಥೆ ಹೇಳುತ್ತದೆ. ಎಡಬಲದ ಸ್ಕ್ರೂ ಸುತ್ತುಗಳನ್ನು ಟಿಪ್ಪಣಿಯೊಂದಿಗೆ ಹೋಲಿಸಿ. ಲೆಕ್ಕ ತಪ್ಪಿದ್ದರೆ ಎರಡನ್ನೂ ಆರಂಭಕ್ಕೆ ತಂದು ಹೊಸದಾಗಿ ಎಣಿಸಿ. ಸುತ್ತು ಸಮವಿದ್ದರೆ ಟ್ರೇಗಳು ಒಂದಕ್ಕೊಂದು ತಾಗುವ ಬಗೆ ನೋಡಬೇಕು. ವೈದ್ಯರು ಬಣ್ಣದ ಕಾಗದ ಕಚ್ಚಿಸಿದಾಗ ಎರಡೂ ಬದಿ ಒಂದೇ ಗಾಢತೆಯ ಗುರುತು ಬೀಳಬೇಕು. ಒಂದು ಬದಿ ಮಾತ್ರ ಬಿದ್ದರೆ ಇನ್ನೊಂದು ಬದಿಗೆ ಆಸರೆಯಿಲ್ಲ, ಆ ಕೀಲಿನ ಮೇಲೆ ಭಾರ ಬೀಳುತ್ತಿದೆ. ನಿಮ್ಮ ಮೂರು ಬೆರಳು ನಿಲ್ಲಿಸಿ ಹಿಡಿದಷ್ಟು ಬಾಯಿ ಮೊದಲು ತೆರೆಯುತ್ತಿದ್ದು ಈಗ ತೆರೆಯದಿದ್ದರೆ ಸಾಧನ ನಿಲ್ಲಿಸಿ, ಅದೇ ವಾರ ತೋರಿಸಿ.

ಬೆಳಗ್ಗೆ ಹಿಂದಿನ ಹಲ್ಲುಗಳು ಕೂಡುವುದಿಲ್ಲ

ದವಡೆಯನ್ನು ಮುಂದಕ್ಕೆ ಎಳೆಯುವ ಸ್ನಾಯು ರಾತ್ರಿಯಿಡೀ ಕುಗ್ಗಿದ ಸ್ಥಿತಿಯಲ್ಲಿದ್ದು, ಎದ್ದ ಕೂಡಲೇ ಸಡಿಲಗೊಳ್ಳುವುದಿಲ್ಲ. ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ಕಚ್ಚು ಮೊದಲಿನಂತಾದರೆ ಚಿಂತೆಯಿಲ್ಲ. ಇದಕ್ಕೆಂದೇ ನಿಮ್ಮ ಸಹಜ ಕಚ್ಚಿನಲ್ಲಿ ಮಾಡಿದ ಚಿಕ್ಕ ಕಚ್ಚುಪಟ್ಟಿ ಸಾಧನದ ಜೊತೆಗೇ ಬರಬೇಕು. ಬೆಳಗ್ಗೆ ಅದನ್ನು 5ರಿಂದ 10 ನಿಮಿಷ ಮೆಲ್ಲನೆ ಕಚ್ಚಿ ಹಿಡಿದರೆ ದವಡೆ ಹಿಂದಕ್ಕೆ ಕೂರುತ್ತದೆ. ಕೊಟ್ಟಿಲ್ಲದಿದ್ದರೆ ಕೇಳಿ ಮಾಡಿಸಿಕೊಳ್ಳಿ.

ಅಳೆಯುವುದು ಹೀಗೆ. ತೆಳು ಕಾಗದದ ಪಟ್ಟಿಯನ್ನು ಬಲ ದವಡೆ ಹಲ್ಲಿನ ನಡುವೆ ಇಟ್ಟು ಕಚ್ಚಿ, ಎಳೆಯಿರಿ. ಎಡಕ್ಕೂ ಹಾಗೇ. ಕಾಗದ ಜಾರಿ ಬಂದರೆ ಹಲ್ಲು ಕೂಡಿಲ್ಲ, ಹರಿದರೆ ಕೂಡಿದೆ. ಎಷ್ಟು ಗಂಟೆಗೆ ಹರಿಯಿತು ಎಂದು ವಾರಕ್ಕೊಮ್ಮೆ ಬರೆದಿಡಿ. ಏಳೂವರೆ ಎಂದಿದ್ದದ್ದು ತಿಂಗಳುಗಳಲ್ಲಿ ಒಂಬತ್ತಾಗಿ, ಮಧ್ಯಾಹ್ನವಾಗಿ ಸರಿಯುತ್ತಿದ್ದರೆ ಅದು ಸ್ನಾಯುವಿನ ಮಾತಲ್ಲ. ಹಲ್ಲುಗಳೇ ಜಾಗ ಬದಲಿಸುತ್ತಿವೆ. ಹಿಂದಕ್ಕೆ ಹೋಗಲು ಹವಣಿಸುವ ದವಡೆಯ ಬಲ ಟ್ರೇಗಳ ಮೂಲಕ ಹಲ್ಲಿಗೆ ತಾಗುತ್ತದೆ. ಮೇಲಿನ ಮುಂಬಲ್ಲು ಒಳಕ್ಕೆ ವಾಲುತ್ತವೆ, ಕೆಳಗಿನವು ಹೊರಕ್ಕೆ. ವರ್ಷಗಟ್ಟಲೆ ಬಳಸುವವರಲ್ಲಿ ಇದು ಸಾಮಾನ್ಯ. ಸಾಧನ ನಿಲ್ಲಿಸಿದ ಮಾತ್ರಕ್ಕೆ ಪೂರ್ತಿ ಹಿಂದಿರುಗುತ್ತದೆ ಎನ್ನುವ ಭರವಸೆ ಇಲ್ಲ. ಈ ಮಾತನ್ನು ಸಾಧನ ಕೊಡುವ ಮೊದಲೇ ಹೇಳಬೇಕು, ಆರಂಭದ ಅಚ್ಚು ಅಥವಾ ಸ್ಕ್ಯಾನ್ ಕಾಪಾಡಿ ಇಡಬೇಕು. ಹೋಲಿಸಲು ಮೊದಲಿನದು ಇಲ್ಲದಿದ್ದರೆ ಯಾರೂ ಏನೂ ಹೇಳಲಾಗದು.

ಜೊಲ್ಲು, ಓಕರಿಕೆ

ಜೊಲ್ಲು ಮೊದಲ ಕೆಲವು ವಾರದ್ದು. ಬಾಯಿಗೆ ಅದು ತಿಂಡಿಯಲ್ಲ ಎಂದು ತಿಳಿಯಲು ಅಷ್ಟು ಸಮಯ ಬೇಕು. ಓಕರಿಕೆ ಬಂದರೆ ಸಂಜೆ ಎಚ್ಚರವಿರುವಾಗಲೇ ಅರ್ಧ ಗಂಟೆ ಹಾಕಿ ರೂಢಿಸಿಕೊಳ್ಳಿ. ಆಗಲೂ ಹೋಗದಿದ್ದರೆ ಮೇಲ್ಟ್ರೇಯ ಹಿಂದಿನ ತುದಿಯನ್ನು ಮೊಟಕುಗೊಳಿಸಲು ಕೇಳಿ.

ಬಿರುಕು, ಸಡಿಲ ಸ್ಕ್ರೂ, ವಾಸನೆ

ಮುಂದಿನಿಂದ ಒಂದೇ ಬದಿ ಹಿಡಿದು ಕೀಳುವುದರಿಂದ ಟ್ರೇ ಬಿರುಕು ಬಿಡುತ್ತದೆ. ಹಿಂದಿನ ತುದಿಗಳಿಗೆ ಎರಡೂ ಬದಿ ಉಗುರು ಕೊಟ್ಟು ಒಟ್ಟಿಗೆ ಬಿಡಿಸಿ. ಹಾಗೆ ಮಾಡಿಯೂ ಪದೇ ಪದೇ ಮುರಿಯುತ್ತಿದ್ದರೆ, ಅಥವಾ ಕಚ್ಚುವ ಮೈಯಲ್ಲಿ ಹೊಳೆಯುವ ಸವೆತದ ಗುರುತಿದ್ದರೆ, ನಿದ್ದೆಯಲ್ಲಿ ಹಲ್ಲು ಕಡಿಯುತ್ತಿದ್ದೀರಿ. ಇನ್ನಷ್ಟು ಗಟ್ಟಿ ವಸ್ತು, ಅಕ್ಕಪಕ್ಕ ಅಲುಗಾಡಲು ಬಿಡುವ ವಿನ್ಯಾಸ ಬೇಕು. ಬಿರುಕು ಬಿಟ್ಟದ್ದನ್ನು ಒಂದು ರಾತ್ರಿಯೂ ಹಾಕಬೇಡಿ, ಅಂಗಡಿಯ ಅಂಟು ಹಚ್ಚಬೇಡಿ.

ಸ್ಕ್ರೂ ತಾನಾಗಿ ಹಿಂದಕ್ಕೆ ತಿರುಗುತ್ತಿದೆಯೇ ಎಂಬ ಅನುಮಾನವಿದ್ದರೆ ಕೀ ತೂರಿಸುವ ತೂತು ನಿಂತಿರುವ ಕೋನವನ್ನು ರಾತ್ರಿ ಒಂದು, ಬೆಳಗ್ಗೆ ಒಂದು ಫೋಟೊ ತೆಗೆಯಿರಿ. ಸರಿದಿದ್ದರೆ ಲ್ಯಾಬಿಗೆ ಹೋಗಬೇಕು.

ತಣ್ಣೀರು, ಮೆದು ಬ್ರಷ್, ಬಣ್ಣ ಪರಿಮಳವಿಲ್ಲದ ಸೋಪು: ತೊಳೆಯಲು ಇಷ್ಟು ಸಾಕು. ಟೂತ್‌ಪೇಸ್ಟ್ ಅಕ್ರಿಲಿಕ್ಕನ್ನು ಗೀರುತ್ತದೆ, ಗೀರಿನಲ್ಲಿ ಪಾಚಿ ಕಟ್ಟಿ ವಾಸನೆ ಬರುತ್ತದೆ. ಬ್ಲೀಚ್ ಲೋಹವನ್ನು ತಿನ್ನುತ್ತದೆ. ನಾಯಿಗೆ ಎಟುಕುವಂತೆ ಇಡಬೇಡಿ, ಜೊಲ್ಲಿನ ವಾಸನೆಗೆ ಅದು ಸಾಧನವನ್ನು ಅಗಿದು ಹಾಕುತ್ತದೆ.

ಎಲ್ಲವೂ ಸರಿ, ಪರೀಕ್ಷೆಯ ಎಣಿಕೆ ಮಾತ್ರ ಇಳಿದಿಲ್ಲ

ಗಂಟೆಗೆ ಎಷ್ಟು ಸಲ ಉಸಿರು ಕನಿಷ್ಠ 10 ಸೆಕೆಂಡು ನಿಲ್ಲುತ್ತದೆ ಅಥವಾ ತಗ್ಗುತ್ತದೆ ಎಂಬುದೇ ಆ ಎಣಿಕೆ. 5ರಿಂದ 15 ಸೌಮ್ಯ, 15ರಿಂದ 30 ಮಧ್ಯಮ, 30ರ ಮೇಲೆ ತೀವ್ರ. ಮೊದಲು 28 ಇದ್ದದ್ದು ಸಾಧನದೊಂದಿಗೆ 20ಕ್ಕೆ ನಿಂತಿದ್ದರೆ, ಗೊರಕೆ ಎಷ್ಟೇ ತಗ್ಗಿರಲಿ, ಚಿಕಿತ್ಸೆ ಮುಗಿದಿಲ್ಲ. ವರದಿಯಲ್ಲಿ ಅಂಗಾತ ಮಲಗಿದ ಹೊತ್ತಿನ ಎಣಿಕೆ ಬೇರೆಯಾಗಿ ಇರುತ್ತದೆಯೇ ನೋಡಿ. ತೊಂದರೆಯೆಲ್ಲ ಅಲ್ಲಿಯೇ ಇದ್ದರೆ ಭಂಗಿಯ ಚಿಕಿತ್ಸೆ ಜೊತೆಗೂಡಿಸಬಹುದು. ಉಸಿರಾಡಲು ಮಿದುಳಿನಿಂದಲೇ ಆಜ್ಞೆ ಬಾರದ ಬಗೆಯ ನಿಲುಗಡೆಗಳು ಹೆಚ್ಚಿದ್ದರೆ ದವಡೆ ಮುಂದೆ ತಂದು ಪ್ರಯೋಜನವಿಲ್ಲ, ನಿದ್ರಾ ವೈದ್ಯರು ಬೇರೆ ದಾರಿ ನೋಡುತ್ತಾರೆ. ಕೆಲವರ ಗಂಟಲು ದವಡೆ ಎಷ್ಟು ಮುಂದೆ ಬಂದರೂ ತೆರೆಯುವುದಿಲ್ಲ. ಅಂಥವರಿಗೆ ಸಿಪ್ಯಾಪ್‌ಗೆ ಮರಳುವುದು, ಸಾಧನ ಮತ್ತು ಸಿಪ್ಯಾಪ್ ಎರಡನ್ನೂ ಒಟ್ಟಿಗೆ ಬಳಸಿ ಗಾಳಿಯ ಒತ್ತಡ ಕಡಿಮೆ ಮಾಡಿಕೊಳ್ಳುವುದು, ಗಂಟಲು ಎಲ್ಲಿ ಮುಚ್ಚುತ್ತದೆ ಎಂದು ನಿದ್ದೆ ಬರಿಸಿ ದರ್ಶಕದಿಂದ (ಮೂಗಿನ ಮೂಲಕ ಇಳಿಸುವ, ಕ್ಯಾಮೆರಾ ಇರುವ ತೆಳು ಕೊಳವೆ) ನೋಡುವುದು ಮುಂದಿನ ಹೆಜ್ಜೆಗಳು.

ಮರುಪರೀಕ್ಷೆಗೆ ಹೋಗುವ ರಾತ್ರಿ ಸಾಧನದ ಜೊತೆ ಕೀ ಮತ್ತು ಟಿಪ್ಪಣಿಯನ್ನೂ ಒಯ್ಯಿರಿ. ಮುಂದೆ ತರಲು ಇನ್ನೆಷ್ಟು ಸುತ್ತು ಉಳಿದಿದೆ ಎಂದು ದಂತವೈದ್ಯರಿಂದ ಬರೆಸಿಕೊಂಡಿದ್ದರೆ, ಕೆಲವು ಪ್ರಯೋಗಾಲಯಗಳಲ್ಲಿ ಆ ಮಿತಿಯೊಳಗೆ ಅದೇ ರಾತ್ರಿ ಒಂದೆರಡು ಹೆಜ್ಜೆ ಮುಂದೆ ತಂದು ನೋಡುತ್ತಾರೆ. ಬೆಳಗ್ಗೆ ಹೊರಡುವ ಮೊದಲು ಸಾಧನ ಯಾವ ಸುತ್ತಿನಲ್ಲಿದ್ದಾಗ ಯಾವ ಎಣಿಕೆ ಬಂತು ಎಂಬುದನ್ನು ವರದಿಯಲ್ಲಿ ಸೇರಿಸಲು ಹೇಳಿ.